ಮೊಸರನ್ನ ಬಾರದ ಪಂಕ್ತಿ: ಹದಿಹರೆಯ, ಮೊಬೈಲು ಮತ್ತು ಒಂಟಿತನ

2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ ಹೊಸ ಕಾನೂನೊಂದು ಜಾರಿಗೆ ಬಂತು. 16 ವರ್ಷ ತುಂಬದವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇರಕೂಡದು, ಹಾಗೆ ನೋಡಿಕೊಳ್ಳುವ ಹೊಣೆ ಆಯಾ ಕಂಪನಿಯದು ಎಂಬುದು ಅದರ ತಿರುಳು. ಅದೇ ವರ್ಷದ ಜೂನ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವರದಿ ಕೊಟ್ಟಿತ್ತು. ಒಂಟಿತನವೆಂದರೆ ಮಕ್ಕಳು ದೂರವಾದ ಮುದಿವಯಸ್ಸಿನ ಸಂಕಟ ಎಂದೇ ನಾವು ತಿಳಿದಿದ್ದೆವು. ವರದಿಯ ಪ್ರಕಾರ 13ರಿಂದ 29 ವಯಸ್ಸಿನವರಲ್ಲಿ ಶೇ 17ರಿಂದ 21ರಷ್ಟು ಮಂದಿ ತಾವು ಒಂಟಿ ಎಂದು ಹೇಳಿಕೊಂಡಿದ್ದಾರೆ, ಅವರಲ್ಲಿಯೂ ಹದಿಹರೆಯದವರದೇ ಹೆಚ್ಚಿನ ಪಾಲು. ಈ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು, ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ಜನರಿಗೆ ತಿಳಿಹೇಳುವ ಸರ್ಕಾರದ ಮುಖ್ಯ ವೈದ್ಯ ಆಗಿದ್ದ ಡಾ. ವಿವೇಕ್ ಮೂರ್ತಿ. ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ.

ಈ ಎರಡು ಸುದ್ದಿಗಳನ್ನು ನಮ್ಮ ಮನೆಗಳು ಒಟ್ಟಿಗೇ ಕೇಳಿಸಿಕೊಂಡಿವೆ. "ಮೂರು ಹೊತ್ತೂ ಮೊಬೈಲು, ಯಾರ ಜೊತೆಗೂ ಸೇರುವುದಿಲ್ಲ" ಎಂದು ತಾಯಿಯೊಬ್ಬರು ಹೇಳುವ ಮಾತಿನಲ್ಲಿ ದೂರು ಒಂದಲ್ಲ, ಎರಡಿವೆ. ಮೊದಲನೆಯದು ಫೋನಿನ ಮೇಲೆ, ಎರಡನೆಯದು ಮಗು ಜನರಿಂದ ದೂರವಾಗುತ್ತಿರುವುದರ ಮೇಲೆ. ಇವೆರಡರ ನಡುವಿನ ನಂಟು ಎಂಥದು, ಯಾವುದರಿಂದ ಯಾವುದು ಹುಟ್ಟುತ್ತದೆ ಎಂಬುದನ್ನು ಬುಡದಿಂದ ಬಿಡಿಸಿ ನೋಡಬೇಕಾಗಿದೆ.

ಒಂಟಿತನ ಬೇರೆ, ಏಕಾಂತ ಬೇರೆ

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿರುವುದು ನಮ್ಮ ಅದೃಷ್ಟ. ಏಕಾಂತ ನಾವೇ ಬಯಸಿ ಪಡೆಯುವುದು. ಮಾಳಿಗೆಯ ಮೇಲೆ ಕುಳಿತು ಪುಸ್ತಕ ಓದುವ ಹುಡುಗ ಒಬ್ಬನೇ ಇದ್ದಾನೆ, ಆದರೆ ಒಂಟಿಯಲ್ಲ. ಒಂಟಿತನ ಬಯಸದೆ ಬರುವುದು. ಮನಶ್ಶಾಸ್ತ್ರಜ್ಞರು ಅದನ್ನು ಹೀಗೆ ವಿವರಿಸುತ್ತಾರೆ: ಒಬ್ಬರಿಗೆ ಬೇಕೆನಿಸುವ ಸಂಬಂಧಗಳಿಗೂ ನಿಜವಾಗಿ ಇರುವ ಸಂಬಂಧಗಳಿಗೂ ನಡುವೆ ಅಂತರವಿದ್ದಾಗ ಆಗುವ ನೋವೇ ಒಂಟಿತನ. ಸುತ್ತ ಎಷ್ಟು ಜನರಿದ್ದಾರೆ ಎಂಬ ಲೆಕ್ಕ ಇಲ್ಲಿ ಬರುವುದಿಲ್ಲ. ಜಾತ್ರೆಯಲ್ಲಿ ಅಪ್ಪನ ಕೈ ತಪ್ಪಿದ ಮಗುವಿನ ಸುತ್ತ ಸಾವಿರಾರು ಜನರಿರುತ್ತಾರೆ, ಆದರೂ ಅದು ಅಳುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲಿ ಒಂಟಿತನದಲ್ಲಿಯೇ ಎರಡು ಬಗೆಗಳನ್ನು ಗುರುತಿಸಿದರು. ಮನಸ್ಸು ಬಿಚ್ಚಿ ಮಾತನಾಡಲು ಒಂದು ಆಪ್ತ ಜೀವವೂ ಇಲ್ಲದಿರುವುದು ಒಂದು ಬಗೆ, "ಇವರು ನಮ್ಮವರು" ಎನ್ನಿಸುವ ಗುಂಪು ಇಲ್ಲದಿರುವುದು ಇನ್ನೊಂದು ಬಗೆ. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ನಲವತ್ತು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವ ಮಗುವಿಗೆ ಒಬ್ಬ ಗೆಳತಿಯೂ ಇಲ್ಲದಿರುವುದು ಸಾಧ್ಯ. ಹದಿಹರೆಯದ ಬಗ್ಗೆ ಮಾತನಾಡುವಾಗ ನಾವು ಹೆಚ್ಚಾಗಿ ಮರೆಯುವುದು ಈ ಮಾತನ್ನೇ.

ಒಂಟಿತನವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರವಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರೂಪುಗೊಂಡ 20 ಅಂಶಗಳ ಮಾಪನವೊಂದನ್ನು ಸಂಶೋಧಕರು ಇಂದಿಗೂ ಪರಿಷ್ಕರಿಸಿ ಬಳಸುತ್ತಾರೆ. ಅದರ ಚಿಕ್ಕ ರೂಪದಲ್ಲಿರುವುದು ಮೂರೇ ಪ್ರಶ್ನೆ: ಜೊತೆಗೆ ಯಾರೂ ಇಲ್ಲ ಎಂದು ಎಷ್ಟು ಸಲ ಅನ್ನಿಸುತ್ತದೆ, ನಿಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಎಷ್ಟು ಸಲ ಅನ್ನಿಸುತ್ತದೆ, ಬೇರೆಯವರಿಂದ ಕಡಿದುಹೋದಂತೆ ಎಷ್ಟು ಸಲ ಅನ್ನಿಸುತ್ತದೆ. ನಮ್ಮ ಮಕ್ಕಳು ಮಾತ್ರ "ನನಗೆ ಒಂಟಿತನ" ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. "ಬೋರ್ ಆಗ್ತಿದೆ" ಎನ್ನುತ್ತಾರೆ, "ಯಾಕೋ ಬೇಜಾರು" ಎನ್ನುತ್ತಾರೆ. ಆ ಬೇಜಾರಿನ ಹಿಂದೆ ಏನಿದೆ ಎಂದು ಕೇಳುವವರು ಕಡಿಮೆ.

ಹದಿಹರೆಯದಲ್ಲಿಯೇ ಏಕೆ ಇಷ್ಟು ನೋವು?

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19ರವರೆಗಿನ ವಯಸ್ಸನ್ನು ಹದಿಹರೆಯ ಎನ್ನುತ್ತದೆ. ಮಗುವಿನ ಲೋಕ ಅಪ್ಪ ಅಮ್ಮಂದಿರಿಂದ ಓರಗೆಯವರ ಕಡೆಗೆ ಹೊರಳುವ ಕಾಲವಿದು. ಎಂಟು ವರ್ಷದ ಹುಡುಗಿಗೆ ಅಮ್ಮ "ಚೆನ್ನಾಗಿ ಕಾಣ್ತೀಯಾ" ಎಂದರೆ ಸಾಕು, ಹದಿನಾಲ್ಕರ ಹುಡುಗಿಗೆ ಅದು ಸಾಲದು, ಗೆಳತಿಯರ ಒಪ್ಪಿಗೆ ಬೇಕು. ಮಿದುಳಿನಲ್ಲಿಯೂ ಇದಕ್ಕೆ ಕಾರಣವಿದೆ. ಮೆಚ್ಚುಗೆ, ಬಹುಮಾನಗಳಿಗೆ ಪುಳಕಗೊಳ್ಳುವ ಭಾಗಗಳು ಈ ವಯಸ್ಸಿನಲ್ಲಿ ಬಹಳ ಚುರುಕಾಗಿರುತ್ತವೆ. "ಇಷ್ಟಕ್ಕೆ ನಿಲ್ಲಿಸು" ಎಂದು ಲಗಾಮು ಹಿಡಿಯುವ ಮುಂಭಾಗವಾದರೋ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹಾಗಾಗಿ ಓರಗೆಯವರು ಕೈಬಿಟ್ಟರೆ ಆಗುವ ನೋವೂ, ಅವರು ಮೆಚ್ಚಿದರೆ ಆಗುವ ಹಿಗ್ಗೂ ಈ ವಯಸ್ಸಿನಲ್ಲಿ ದೊಡ್ಡವು. "ಇಷ್ಟಕ್ಕೆಲ್ಲ ಅಳಬೇಕಾ?" ಎಂದು ದೊಡ್ಡವರು ಕೇಳುವಾಗ, ಆ "ಇಷ್ಟು" ಮಗುವಿನ ಅಳತೆಯಲ್ಲಿ ಎಷ್ಟೆಂಬುದು ಅವರಿಗೆ ಕಾಣುವುದಿಲ್ಲ.

ಒಂಟಿತನದ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಾಚೊಪ್ಪೊ ಅದನ್ನು ಹಸಿವಿಗೆ ಹೋಲಿಸುತ್ತಿದ್ದರು. ಹಸಿವು ದೇಹಕ್ಕೆ ಅನ್ನ ಬೇಕೆಂದು ತಿಳಿಸುವ ಹಾಗೆ ಒಂಟಿತನ ಜೀವಕ್ಕೆ ಜನ ಬೇಕೆಂದು ತಿಳಿಸುತ್ತದೆ. ಈ ಹೋಲಿಕೆಯನ್ನು ನಾವು ನಮ್ಮ ಅಡುಗೆಮನೆಗೆ ತಂದುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ಹಸಿದ ಮಗು ಊಟಕ್ಕೆ ಮೊದಲು ಕುರುಕಲು ತಿಂಡಿಯ ಪೊಟ್ಟಣ ಖಾಲಿ ಮಾಡಿದರೆ ಹಸಿವು ಸತ್ತುಹೋಗುತ್ತದೆ, ಮೈಗೆ ಮಾತ್ರ ಏನೂ ಹತ್ತುವುದಿಲ್ಲ. ಫೋನಿನ ಪರದೆಯಲ್ಲಿ ಕಾಣುವ ಮುಖಗಳು ಜನರ ಹಸಿವಿಗೆ ಹಲವು ಸಲ ಇಂಥ ಕುರುಕಲಾಗುತ್ತವೆ.

ಕೊನೆಯಿಲ್ಲದ ಬಡಿಸುವಿಕೆ

ನಮ್ಮ ಬಾಳೆಎಲೆ ಊಟಕ್ಕೆ ಒಂದು ಕ್ರಮವಿದೆ. ಕೋಸಂಬರಿ, ಪಲ್ಯ, ಸಾರು, ಹುಳಿ, ಪಾಯಸ ಎಲ್ಲ ಬಂದು ಕೊನೆಗೆ ಮೊಸರನ್ನ ಬಂತೆಂದರೆ, ಯಾರೂ ಹೇಳದೆಯೇ ಊಟ ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತದೆ. ದಿನಪತ್ರಿಕೆಗೆ ಕೊನೆಯ ಪುಟವಿದೆ, ಧಾರಾವಾಹಿಯ ಕಂತಿಗೂ ಕೊನೆಯಿದೆ. ರೀಲ್ಸ್ ನೋಡುವವರ ಪಂಕ್ತಿಗೆ ಮಾತ್ರ ಮೊಸರನ್ನ ಬರುವುದೇ ಇಲ್ಲ. ಬೆರಳು ಮೇಲಕ್ಕೆ ಸರಿದಷ್ಟೂ ಹೊಸ ವಿಡಿಯೊ ಬರುತ್ತದೆ. ತುದಿಯೇ ಇಲ್ಲದ ಈ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್, ಅದರಿಂದಾದ ಪರಿಣಾಮದ ಬಗ್ಗೆ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪ ವ್ಯಕ್ತಪಡಿಸಿದರು.

ಎರಡನೆಯ ತಂತ್ರ ಅನಿಶ್ಚಿತ ಬಹುಮಾನ. ಕೆರೆ ಏರಿಯ ಮೇಲೆ ಗಾಳ ಹಾಕಿ ಕುಳಿತವನಿಗೆ ಮೀನು ಯಾವಾಗ ಕಚ್ಚುತ್ತದೆಂದು ಗೊತ್ತಿರುವುದಿಲ್ಲ, ಆದ್ದರಿಂದಲೇ ಅವನಿಗೆ ಏಳಲು ಮನಸ್ಸಾಗುವುದಿಲ್ಲ. ಫೋಟೊ ಹಾಕಿದ ಹುಡುಗನ ಸ್ಥಿತಿಯೂ ಅದೇ. ಲೈಕ್ ಈಗ ಬರಬಹುದು, ಇನ್ನೊಂದು ಗಳಿಗೆಗೆ ಬರಬಹುದು, ಬಾರದೆಯೂ ಇರಬಹುದು. ಇವುಗಳ ಜೊತೆಗೆ ಶಿಫಾರಸು ಮಾಡುವ ವ್ಯವಸ್ಥೆ ಸೇರಿಕೊಳ್ಳುತ್ತದೆ. ಯಾವ ವಿಡಿಯೊದ ಮೇಲೆ ಕಣ್ಣು ಎಷ್ಟು ಸೆಕೆಂಡು ನಿಂತಿತು ಎಂಬ ಲೆಕ್ಕ ಇಟ್ಟುಕೊಂಡು, ಅಂಥದನ್ನೇ ಮತ್ತೆ ಮತ್ತೆ ತಂದಿಡುವ ಗಣಿತ ಅದು. ಬೇಸರದ ವಿಡಿಯೊಗಳನ್ನು ನೋಡುತ್ತಾ ಕೂತ ಮಗುವಿನ ಮುಂದೆ ಇನ್ನಷ್ಟು ಬೇಸರದ ವಿಡಿಯೊಗಳೇ ಬಂದು ನಿಲ್ಲುವುದು ಹೀಗೆ.

ಮಿತಿ ಮೀರಿತು ಎನ್ನುವುದು ಯಾವಾಗ?

ಅಮೆರಿಕದ ಸರ್ಜನ್ ಜನರಲ್ 2023ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಾಮಾಜಿಕ ಜಾಲತಾಣದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳಂಥ ತೊಂದರೆಗಳ ಸಂಭವ ಎರಡು ಪಟ್ಟು. ಆದರೆ ಗಂಟೆಯೊಂದೇ ಅಳತೆಗೋಲಾಗದು. ಮೂರು ಗಂಟೆ ಕೂತು ಗೆಳೆಯರ ಜೊತೆ ಶಾಲೆಯ ನಾಟಕದ ವಿಡಿಯೊ ಕತ್ತರಿಸಿ ಜೋಡಿಸುವ ಹುಡುಗನೂ, ಅಷ್ಟೇ ಹೊತ್ತು ಅಪರಿಚಿತರ ಮೈಕಟ್ಟು ನೋಡುತ್ತಾ ತನ್ನನ್ನು ಹಳಿದುಕೊಳ್ಳುವ ಹುಡುಗನೂ ಒಂದೇ ಅಲ್ಲ. ತಾನೇ ಬರೆದು, ಮಾತನಾಡಿ, ಉತ್ತರ ಪಡೆಯುವ ಬಳಕೆಗೂ, ಸುಮ್ಮನೆ ಬೇರೆಯವರ ಬದುಕನ್ನು ನೋಡುತ್ತಾ ಹೋಗುವ ಬಳಕೆಗೂ ಸಂಶೋಧಕರು ವ್ಯತ್ಯಾಸ ಕಾಣುತ್ತಾರೆ.

ಇಲ್ಲಿ ಒಂದು ಸ್ಪಷ್ಟನೆ ಬೇಕು. "ಸಾಮಾಜಿಕ ಜಾಲತಾಣದ ಚಟ" ಎಂದು ನಾವು ಸಲೀಸಾಗಿ ಹೇಳುತ್ತೇವಾದರೂ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿರುವುದು ಗೇಮಿಂಗ್‌ಗೆ ಸಂಬಂಧಿಸಿದ ತೊಂದರೆ. ಹಾಗಾಗಿ ವೈದ್ಯರು ಗಂಟೆಗಳಿಗಿಂತ ಬದುಕನ್ನು ನೋಡುತ್ತಾರೆ. ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲಾಗುತ್ತಿಲ್ಲವೇ, ನಿದ್ದೆ, ಓದು, ಆಟ, ಊಟ ಕೆಡುತ್ತಿವೆಯೇ, ಫೋನು ಕಸಿದಾಗ ತಡೆಯಲಾಗದ ಸಿಟ್ಟು ಬರುತ್ತದೆಯೇ, ದುಃಖವಾದಾಗಲೆಲ್ಲ ಕೈ ಅದರ ಕಡೆಗೇ ಹೋಗುತ್ತದೆಯೇ ಎಂದು ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ಆರಂಭವಾಯಿತು, ಇಂಥ ಪ್ರಶ್ನೆಗಳನ್ನು ಅಲ್ಲಿ ಮನೆಯವರ ಜೊತೆ ಕೂತು ಬಿಡಿಸುತ್ತಾರೆ.

ಒಂದು ಭಾನುವಾರದ ಸಂಜೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಸಂಜೆ ಆರು ಗಂಟೆ. ಅಮ್ಮ ಒಳಗೆ ಚಪಾತಿ ಹಿಟ್ಟು ಕಲಸುತ್ತಿದ್ದಾರೆ. ಹುಡುಗಿ ಇನ್‌ಸ್ಟಾಗ್ರಾಂ ತೆರೆಯುತ್ತಾಳೆ. ಮೇಲಿನ ಸಾಲಿನ ಮೊದಲ ವೃತ್ತ ಒತ್ತಿದರೆ, ಅದೇ ತರಗತಿಯ ನಾಲ್ವರು ಕೇಕಿನ ಸುತ್ತ ನಿಂತಿದ್ದಾರೆ, ಅವರಲ್ಲಿ ಒಬ್ಬಳು ದಿನವೂ ಇವಳ ಪಕ್ಕದಲ್ಲೇ ಕೂರುವವಳು. ಈ ಹುಟ್ಟುಹಬ್ಬದ ಸುದ್ದಿಯೇ ಇವಳಿಗೆ ಗೊತ್ತಿರಲಿಲ್ಲ. ಸ್ಟೋರಿಯನ್ನು ಯಾರ್‍ಯಾರು ನೋಡಿದರು ಎಂಬುದು ಹಾಕಿದವಳಿಗೆ ಕಾಣುತ್ತದೆ, ಆದ್ದರಿಂದ ನೋಡಿಯೂ ನೋಡದಂತೆ ಇರಲು ಇವಳಿಗೆ ದಾರಿಯಿಲ್ಲ. ಒಂದು ಕೆಂಪು ಹೃದಯ ಒತ್ತುತ್ತಾಳೆ. ವಾಟ್ಸ್‌ಆ್ಯಪ್‌ನಲ್ಲಿ "ಹ್ಯಾಪಿ ಬರ್ತ್‌ಡೇ" ಕಳಿಸುತ್ತಾಳೆ. ಎರಡು ಗೀಟು ನೀಲಿಯಾಗುತ್ತವೆ, ಉತ್ತರ ಬರುವುದಿಲ್ಲ. ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುತ್ತಾಳೆ. ಕೊನೆಗೆ ಬರುವುದು "ಥ್ಯಾಂಕ್ಸ್" ಎಂಬ ಒಂದೇ ಪದ. ಎಂಟೂವರೆಗೆ ಅಮ್ಮ "ಊಟಕ್ಕೆ ಬಾ ಪುಟ್ಟಿ" ಎಂದರೆ "ಹಸಿವಿಲ್ಲ" ಎನ್ನುತ್ತಾಳೆ.

ಈ ಎರಡೂವರೆ ಗಂಟೆಯೊಳಗೆ ನಡೆದದ್ದನ್ನು ಬಿಡಿಸಿ ನೋಡಬೇಕು. ಹಿಂದೆಯೂ ಹುಟ್ಟುಹಬ್ಬಕ್ಕೆ ಕರೆಯದೆ ಬಿಡುತ್ತಿದ್ದರು, ಆದರೆ ಬಿಟ್ಟುಹೋದವರು ಕೇಕು ಕತ್ತರಿಸುವುದನ್ನು ಮನೆಯಲ್ಲಿ ಕೂತು ನೋಡಬೇಕಾಗಿರಲಿಲ್ಲ. ಸೋಮವಾರ ಯಾರೋ ಹೇಳಿದರೆ ಗೊತ್ತಾಗುತ್ತಿತ್ತು, ಇಲ್ಲವಾದರೆ ಇಲ್ಲ. ಹೊರಗುಳಿದ ನೋವಿಗೆ ಈಗ ಚಿತ್ರವಿದೆ, ಸಂಗೀತವಿದೆ, ಮತ್ತೆ ಮತ್ತೆ ನೋಡುವ ಅವಕಾಶವಿದೆ.

ಹೋಲಿಕೆಯ ಕೆಲಸವೂ ಇಲ್ಲಿ ನಡೆದಿದೆ. ನಮ್ಮ ಊರುಗಳಲ್ಲಿ ತೇರು ವರ್ಷಕ್ಕೊಂದು ದಿನ ಹೂವು, ಬಾವುಟ ಹೊತ್ತು ಬೀದಿಗೆ ಬರುತ್ತದೆ, ಮಿಕ್ಕ ದಿನ ಗುಡಿಯ ಪಕ್ಕ ತಗಡಿನ ಮರೆಯಲ್ಲಿ ಧೂಳು ಹೊತ್ತು ನಿಂತಿರುತ್ತದೆ. ಜಾಲತಾಣದಲ್ಲಿ ಎಲ್ಲರೂ ಹಾಕುವುದು ತಮ್ಮ ತೇರಿನ ದಿನವನ್ನು. ಹುಡುಗಿ ತನ್ನ ಧೂಳಿನ ದಿನವನ್ನು ನಲವತ್ತು ಜನರ ತೇರಿನ ದಿನದೊಡನೆ ಹೋಲಿಸಿಕೊಳ್ಳುತ್ತಾಳೆ. ಆ ನಲವತ್ತು ಮಂದಿಗೂ ಧೂಳಿನ ದಿನಗಳಿವೆ ಎಂಬುದು ಅವಳಿಗೆ ಗೊತ್ತಿದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಆ ಒಂದು ಪದದ ಉತ್ತರ. ಎದುರಿಗೆ ನಿಂತು ಹೇಳಿದ "ಥ್ಯಾಂಕ್ಸ್"ಗೆ ದನಿಯಿರುತ್ತದೆ, ನಗುವಿರುತ್ತದೆ. ಪರದೆಯ ಮೇಲಿನ ಪದಕ್ಕೆ ಅವನ್ನು ಓದುವವರೇ ತುಂಬಬೇಕು. ಒಂಟಿತನ ಮನಸ್ಸನ್ನು ಅಪಾಯ ಹುಡುಕುವಂತೆ ತಿರುಗಿಸುತ್ತದೆ ಎಂಬುದು ಕಾಚೊಪ್ಪೊ ಅವರ ಕೆಲಸದಿಂದ ತಿಳಿದುಬಂದ ಮುಖ್ಯ ಸಂಗತಿ. ಈಗಾಗಲೇ ಒಂಟಿಯಾಗಿರುವ ಮಗು ಅವಸರದಲ್ಲಿ ಬರೆದ ಉತ್ತರವನ್ನೂ ತಿರಸ್ಕಾರವೆಂದೇ ಓದುತ್ತದೆ, ಮರುದಿನ ತಾನೇ ಮಾತು ಬಿಡುತ್ತದೆ. ಗೆಳತಿಗೆ ಅದು ಸಿಡುಕಿನಂತೆ ಕಾಣುತ್ತದೆ. ಯಾರೂ ತಪ್ಪು ಮಾಡದೆಯೇ ಇಬ್ಬರ ನಡುವೆ ಅಂತರ ಬೆಳೆಯುತ್ತದೆ.

ಕೊನೆಯದಾಗಿ, ಆ ಸಂಜೆಯಿಂದ ಏನೇನು ಕಳೆದುಹೋಯಿತು ಎಂಬುದು. ಅಮ್ಮನ ಜೊತೆ ಚಪಾತಿ ಲಟ್ಟಿಸುತ್ತಾ ಆಡಬಹುದಾಗಿದ್ದ ಮಾತು ಹೋಯಿತು, ಊಟ ಹೋಯಿತು, ರಾತ್ರಿ ಹನ್ನೆರಡರವರೆಗೆ ಫೋನು ಹಿಡಿದರೆ ನಿದ್ದೆಯೂ ಹೋಯಿತು. 13ರಿಂದ 18 ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಮರುದಿನ ಜನರೊಡನೆ ಬೆರೆಯಲು ಇನ್ನಷ್ಟು ಹಿಂಜರಿಯುತ್ತದೆ. ಫೋನು ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಅದು ತೋರಿಸುವುದರಲ್ಲಿ ಇಲ್ಲ, ಅದು ಪಕ್ಕಕ್ಕೆ ಸರಿಸಿಬಿಡುವುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಯಾವುದರಿಂದ ಯಾವುದು?

ಈ ವಿಷಯದಲ್ಲಿ ಸಂಶೋಧಕರಲ್ಲಿಯೇ ಭಿನ್ನಮತವಿದೆ. ಹದಿನೈದರ ಆಸುಪಾಸಿನ ವಿದ್ಯಾರ್ಥಿಗಳನ್ನು ಕೇಳುವ ಪಿಸಾ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯ ಅಂಕಿಅಂಶಗಳನ್ನು ಪರಿಶೀಲಿಸಿದ 2021ರ ಅಧ್ಯಯನವೊಂದರಲ್ಲಿ, 37 ದೇಶಗಳ ಪೈಕಿ 36ರಲ್ಲಿ 2012ರಿಂದ 2018ರ ನಡುವೆ ಶಾಲೆಯಲ್ಲಿನ ಒಂಟಿತನ ಏರಿತ್ತು. ಸ್ಮಾರ್ಟ್‌ಫೋನ್ ಎಲ್ಲೆಡೆ ಹರಡಿದ ಕಾಲವೇ ಅದು. ಆದರೆ ಎರಡು ಸಂಗತಿ ಜೊತೆಗೇ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಏಮಿ ಆರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿ, ಅವರ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದರು.

ಹಾಗಾದರೆ ಚಿಂತೆಯೇ ಬೇಡವೇ? ಸರಾಸರಿಯ ಮಾತನ್ನು ಎಚ್ಚರದಿಂದ ಕೇಳಬೇಕು. ಹೊಳೆಯ ಸರಾಸರಿ ಆಳ ಮೊಣಕಾಲುದ್ದ ಇದ್ದರೂ ಮಡುವಿನಲ್ಲಿ ಆಳು ಮುಳುಗುತ್ತದೆ. ಇದೇ ಆರ್ಬೆನ್ ಅವರ ತಂಡ 2022ರಲ್ಲಿ ಬ್ರಿಟನ್ನಿನ ಮಾಹಿತಿಯಿಂದ ಆ ಮಡುಗಳನ್ನು ಗುರುತಿಸಿತು: ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14 ಮತ್ತು 15, ಇಬ್ಬರಲ್ಲೂ 19ರ ವಯಸ್ಸು. ಆ ವಯಸ್ಸಿನಲ್ಲಿ ಜಾಲತಾಣದ ಬಳಕೆ ಹೆಚ್ಚಿದ್ದರೆ ಒಂದು ವರ್ಷದ ನಂತರ ಬದುಕಿನ ಬಗೆಗಿನ ತೃಪ್ತಿ ತಗ್ಗಿರುತ್ತಿತ್ತು.

ಕಾಚೊಪ್ಪೊ ಮತ್ತು ಸಂಗಡಿಗರು 2018ರಲ್ಲಿ ಮುಂದಿಟ್ಟ ವಿವರಣೆ ಈ ಗೋಜಲನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಇರುವ ಗೆಳೆತನವನ್ನು ಗಟ್ಟಿ ಮಾಡಿಕೊಳ್ಳಲು, ಹೊಸಬರನ್ನು ಕಂಡುಕೊಳ್ಳಲು ಜಾಲವನ್ನು ಬಳಸಿದರೆ ಒಂಟಿತನ ಇಳಿಯುತ್ತದೆ. ಜನರೊಡನೆ ಬೆರೆಯುವ ನೋವಿನಿಂದ ತಪ್ಪಿಸಿಕೊಳ್ಳಲು ಬಳಸಿದರೆ ಏರುತ್ತದೆ. ಒಂಟಿಯಾದವರು ಎರಡನೆಯ ದಾರಿ ಹಿಡಿಯುವುದೇ ಹೆಚ್ಚು. ಅಂದರೆ ಪ್ರಶ್ನೆಗೆ ಉತ್ತರ ಎರಡೂ ಹೌದು: ಒಂಟಿತನ ಫೋನಿನ ಕಡೆಗೆ ತಳ್ಳುತ್ತದೆ, ಫೋನು ಒಂಟಿತನದ ಕಡೆಗೆ ಮರಳಿ ತಳ್ಳುತ್ತದೆ, ಗಾಣದ ಎತ್ತಿನ ಹಾಗೆ ಮಗು ಸುತ್ತುತ್ತಿರುತ್ತದೆ. ದೂರದ ಊರಿನ ಹಾಸ್ಟೆಲಿನಲ್ಲಿ ಓದುವ ಹುಡುಗ ರಾತ್ರಿ ತಂಗಿಗೆ ವಿಡಿಯೊ ಕಾಲ್ ಮಾಡುವುದೂ, ತನ್ನಂತೆಯೇ ತೊದಲು ಮಾತಿನ ಇನ್ನೊಬ್ಬನನ್ನು ಜಾಲದಲ್ಲಿ ಕಂಡು ಧೈರ್ಯ ತಂದುಕೊಳ್ಳುವುದೂ ಇದೇ ಫೋನಿನಿಂದಲೇ ಎಂಬುದನ್ನು ಮರೆಯಬಾರದು.

ನಮ್ಮ ನೆಲದಲ್ಲಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ತರಗತಿಗೆಂದು ಅನೇಕ ಮನೆಗಳಲ್ಲಿ ಸಾಲ ಮಾಡಿಯಾದರೂ ಫೋನು ಕೊಂಡರು. ಅದೇ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಜಾಗಕ್ಕೆ ಬಂದವು. ತರಗತಿ ಮುಗಿದರೂ ಫೋನು ಮಕ್ಕಳ ಕೈಯಲ್ಲೇ ಉಳಿಯಿತು.

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಸಮೀಕ್ಷೆ ಮಾಡುವ ಅಸರ್ 2024ರ ವರದಿ, 14ರಿಂದ 16 ವಯಸ್ಸಿನವರಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎನ್ನುತ್ತದೆ. ಹಾಗೆ ಬಳಸಲು ಬರುವವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಸ್ವಂತ ಫೋನು ಹುಡುಗಿಯರಿಗಿಂತ ಹುಡುಗರ ಬಳಿ ಹೆಚ್ಚು. ಆದ್ದರಿಂದ ಇದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಕ್ಕಳ ತೊಂದರೆ ಮಾತ್ರ ಎನ್ನುವಂತಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ. ಹುಟ್ಟಿದ ವರ್ಷವನ್ನು ಹಿಂದಕ್ಕೆ ಹಾಕಿ ಖಾತೆ ತೆರೆಯುವುದು ಹೇಗೆಂದು ಮಾತ್ರ ಏಳನೇ ತರಗತಿಯ ಮಗುವಿಗೂ ಗೊತ್ತು.

ಮನೆಯಲ್ಲಿ ಆಗಬಹುದಾದದ್ದು

ಫೋನನ್ನು ಒಮ್ಮೆಲೇ ಕಸಿದುಕೊಂಡರೆ, ಅದೊಂದೇ ಜೊತೆಯಾಗಿದ್ದ ಮಗುವಿನ ಆ ಜೊತೆಯೂ ತಪ್ಪುತ್ತದೆ. ಕಡಿಮೆ ಮಾಡುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಇಳಿಸಿದವರಲ್ಲಿ ಮೂರು ವಾರಗಳ ನಂತರ ಒಂಟಿತನ, ಖಿನ್ನತೆಗಳು ತಗ್ಗಿದ್ದವು. ಅವರು ಕಾಲೇಜು ವಯಸ್ಸಿನವರಾಗಿದ್ದರು, ಪೂರ್ತಿ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕಡಿಮೆಯಾದ ಹೊತ್ತನ್ನು ಏನು ತುಂಬುತ್ತದೆ ಎಂಬುದು ಅಷ್ಟೇ ಮುಖ್ಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂಟರಿಂದ ಹನ್ನೆರಡರ ಆಸುಪಾಸಿನ ಹುಡುಗಿಯರಿಗೆ ಆತಂಕ ತರುವ ಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಕೆಲವರಿಗೆ ಅಮ್ಮನನ್ನು ಎದುರಿಗೆ ಕಂಡು ಮಾತನಾಡಲು, ಕೆಲವರಿಗೆ ಫೋನಿನಲ್ಲಿ ಮಾತನಾಡಲು, ಕೆಲವರಿಗೆ ಬರೆದ ಸಂದೇಶಗಳಲ್ಲಷ್ಟೇ ಮಾತನಾಡಲು ಬಿಟ್ಟರು. ಅಮ್ಮನ ದನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನು ಇಳಿದು, ಆಪ್ತತೆಯ ಹಾರ್ಮೋನು ಆಕ್ಸಿಟೋಸಿನ್ ಏರಿತು. ಬರಿಯ ಸಂದೇಶ ಓದಿದವರ ಸ್ಥಿತಿ, ಅಮ್ಮನ ಜೊತೆ ಮಾತೇ ಆಡದವರ ಸ್ಥಿತಿಯಂತೆಯೇ ಇತ್ತು. ದೂರದಲ್ಲಿ ಕೆಲಸ ಮಾಡುವ ಅಪ್ಪ ರಾತ್ರಿ "ಊಟ ಆಯ್ತಾ" ಎಂದು ಬರೆದು ಕಳಿಸುವ ಬದಲು ಎರಡು ನಿಮಿಷ ಕರೆ ಮಾಡುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ರಾತ್ರಿ ಎಲ್ಲರ ಫೋನುಗಳೂ, ಅಪ್ಪ ಅಮ್ಮಂದಿರದೂ ಸೇರಿ, ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ನೋಟಿಫಿಕೇಶನ್ ಸದ್ದು ನಿಲ್ಲಿಸಿದರೆ ಗಾಳದ ದಾರದ ಎಳೆತ ಕಡಿಮೆಯಾಗುತ್ತದೆ. ವಾರಕ್ಕೆರಡು ಸಂಜೆ ಕಬಡ್ಡಿಯೋ, ಭರತನಾಟ್ಯವೋ, ಡೊಳ್ಳೋ, ಹತ್ತು ಮಂದಿ ಒಂದೇ ತಾಳಕ್ಕೆ ಮೈ ಬಗ್ಗಿಸುವ ಯಾವುದಾದರೂ ಚಟುವಟಿಕೆ ಇದ್ದರೆ ವೈಸ್ ಹೇಳಿದ ಎರಡನೆಯ ಬಗೆಯ ಕೊರತೆ ತುಂಬುತ್ತದೆ. ಮೊದಲನೆಯ ಬಗೆಗೆ ಒಬ್ಬ ಗೆಳೆಯ ಅಥವಾ ಗೆಳತಿ ಸಾಕು. ಆ ಒಬ್ಬರನ್ನು ಮನೆಗೆ ಕರೆದು ಒಂದು ತಟ್ಟೆ ಉಪ್ಪಿಟ್ಟು ಕೊಡುವ ಅವಕಾಶ ತಂದೆತಾಯಿಯ ಕೈಯಲ್ಲೇ ಇದೆ.

ಮಗುವಿನ ಸ್ಥಿತಿ ತಿಳಿಯಲು "ಎಷ್ಟು ಗಂಟೆ ಫೋನು ನೋಡಿದೆ?" ಎಂಬ ಪ್ರಶ್ನೆಗಿಂತ "ಇವತ್ತು ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡಿದೆ?" ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಅದರಲ್ಲಿ ವಿಚಾರಣೆಯ ಧಾಟಿಯಿಲ್ಲ, ಮಗು ಉತ್ತರಿಸುತ್ತದೆ. ವಾರಗಟ್ಟಲೆ ಉತ್ತರ "ಯಾರೂ ಇಲ್ಲ" ಎಂದೇ ಇದ್ದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ, ಅಥವಾ ಬದುಕಿ ಏನು ಪ್ರಯೋಜನ ಎಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದರೆ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ತೆರೆದಿರುತ್ತದೆ, ಮಕ್ಕಳು ತಾವೇ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.